ಆಡಿನ ಹೊಟ್ಟೆಯೊಳಗೆ ಹನ್ನೆರಡು ಕಾಗದ

ಮನರಂಜನಾ ಪಾರ್ಕಿನ ಹಿಂಭಾಗದ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಸುತ್ತಿಗೆ ಅಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡನೇ ವಯಸ್ಸಿಗೆ ನಾಟಕದ ಕಂಪನಿಯೊಂದಕ್ಕೆ ಮನೆ, ಮರ, ಮೆಟ್ಟಿಲು ಮಾಡಿಕೊಡಲು ಸೇರಿ ಸುತ್ತಿಗೆ ಹಿಡಿದವಳು ಐವತ್ತು ದಾಟಿದರೂ ಅದನ್ನು ಕೆಳಗಿಟ್ಟಿರಲಿಲ್ಲ. ಕಟ್ಟುವುದರಲ್ಲಿ ಅವಳಿಗೆ ಎಷ್ಟು ಹೆಸರೋ, ಕಟ್ಟಿದ್ದು ಸರಿಯಿಲ್ಲ ಅನ್ನಿಸಿದರೆ ಮುಖ ಮೋರೆ ನೋಡದೆ ಒಡೆಯುವುದರಲ್ಲೂ ಅಷ್ಟೇ ಹೆಸರು. ಆದರೆ ಆ ವರ್ಷ ಅವಳು ಒಡೆದದ್ದು ಬೇರೆಯವರ ಕೆಲಸವನ್ನಲ್ಲ. ಎರಡು ವರ್ಷ ಕೂತು ತಾನೇ ಕಟ್ಟಿದ್ದನ್ನು.

‘ಟಪಾಲು ಆಡು’ ಎಂಬ ಕಾರ್ಟೂನ್ ಸಿನಿಮಾ ಬಂದು ಆಗ ಆರು ವರ್ಷವಾಗಿತ್ತು. ಬೆಟ್ಟದ ಮೇಲಿನ ಅಂಚೆಕಚೇರಿಯಲ್ಲಿ ಚೀಲ ಹೊರುವ ಒಂದು ಆಡು. ಕಾಗದ ಕಂಡರೆ ಬಾಯಲ್ಲಿ ನೀರೂರುತ್ತದೆ, ಆದರೂ ಕೆಲಸಕ್ಕೆ ಸೇರಿದ ದಿನದಿಂದ ಒಂದು ಲಕೋಟೆಯನ್ನೂ ಮೂಸಿಲ್ಲ. ಶಿಖರದಲ್ಲಿ ಒಂಟಿಯಾಗಿರುವ ಅಜ್ಜಿಗೆ ಬಹಳ ವರ್ಷದ ಮೇಲೆ ಮಗಳಿಂದ ಕಾಗದ ಬರುತ್ತದೆ. ಅದನ್ನು ಒಯ್ಯುವಾಗ ಸೇತುವೆ ಮುರಿದು ಚೀಲ ಹೊಳೆಗೆ ಬೀಳುತ್ತದೆ. ಆಡು ಆ ಒಂದು ಕಾಗದವನ್ನು ಮಾತ್ರ ಬಾಯಲ್ಲಿ ಹಿಡಿದು, ನೆನೆಯಬಾರದೆಂದು ನುಂಗಿಬಿಡುತ್ತದೆ. ಕೊನೆಗೆ ಅಜ್ಜಿಯ ಬಾಗಿಲಲ್ಲಿ ನಿಂತು, ಓದು ಬರದ ಆ ಪ್ರಾಣಿ ತನಗೆ ತೋಚಿದ್ದನ್ನೇ ಕಾಗದವೆಂದು ಹೇಳುತ್ತದೆ: ಇಲ್ಲಿ ಹುಲ್ಲು ಚೆನ್ನಾಗಿ ಬೆಳೆದಿದೆ, ಕಾಲು ನೋವು ಕಡಿಮೆಯಾಗಿದೆ, ನಿನ್ನ ನೆನಪಾಗುತ್ತದೆ. ಇದು ಮಗಳ ಮಾತಲ್ಲ ಎಂದು ಅಜ್ಜಿಗೆ ಗೊತ್ತು. ಆದರೂ ಕೊನೆಯವರೆಗೂ ಕೇಳುತ್ತಾಳೆ. ಚಿತ್ರಮಂದಿರದಲ್ಲಿ ಕಣ್ಣು ಒರೆಸಿಕೊಳ್ಳದವರೇ ಇರಲಿಲ್ಲ.

ಆ ತೊಂಬತ್ತು ನಿಮಿಷದ ಸಿನಿಮಾವನ್ನು ನಾಲ್ಕೂವರೆ ನಿಮಿಷದ ರೈಡ್ ಮಾಡುವುದು ಸುತ್ತಿಗೆ ಅಕ್ಕನ ಪಾಲಿಗೆ ಬಂದ ಕೆಲಸ. ಅವಳು ಒಂಬತ್ತು ಕೋಣೆ ಕಟ್ಟಿದಳು. ಮೊದಲ ಕೋಣೆಯಲ್ಲಿ ಅಂಚೆಕಚೇರಿ, ಎರಡನೆಯದರಲ್ಲಿ ಹಿಮದ ದಾರಿ, ಮೂರನೆಯದರಲ್ಲಿ ತೋಳ, ಹೀಗೆ ಅಜ್ಜಿಯ ಬಾಗಿಲವರೆಗೆ. ಪ್ರತಿ ಕೋಣೆಯಲ್ಲೂ ಆಳೆತ್ತರದ ಒಂದು ಆಡು ಕಣ್ಣು ಮಿಟುಕಿಸಿ, ಬಾಯಿ ಆಡಿಸಿ, ಸಿನಿಮಾದ ಎರಡೆರಡು ಮಾತು ಹೇಳುತ್ತಿತ್ತು. ಹನ್ನೆರಡು ಹನ್ನೆರಡು ಜನರನ್ನು ಕೂರಿಸಿಕೊಂಡ ಹನ್ನೊಂದು ಬಂಡಿಗಳು ಹಳಿಯ ಮೇಲೆ ಒಂದರ ಹಿಂದೊಂದು ಅವುಗಳ ಮುಂದೆ ಹಾದುಹೋಗುತ್ತಿದ್ದವು. ಉದ್ಘಾಟನೆಗೆ ಮೂರು ತಿಂಗಳಿದೆ ಎನ್ನುವಾಗ ಕೆಲಸಗಾರರ ಮನೆಯವರನ್ನೆಲ್ಲ ಕರೆದು ಕೂರಿಸಿ ಒಂದು ಸುತ್ತು ಹೊಡೆಸಿದರು.

ಇಳಿದವರೆಲ್ಲ “ಚೆನ್ನಾಗಿತ್ತು” ಅಂದರು. ಅಷ್ಟೇ ಅಂದರು. ಮ್ಯಾನೇಜರ್ ಖುಷಿಯಾಗಿ ಕೈ ಕುಲುಕಿದ. ಅಕ್ಕ ಮಾತ್ರ ಹೊರಬಾಗಿಲ ಪಕ್ಕ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಂಗಡಿ ಗಾಜಿನಲ್ಲಿ ಸಾಮಾನು ನೋಡಿಕೊಂಡು ಬಂದವರ ಮುಖ ಹೇಗಿರುತ್ತದೋ ಆ ಮುಖಗಳು ಹಾಗಿದ್ದವು.

ಕೊನೆಗೆ ಇಳಿದವರು ಅವಳ ಮಾವ, ಗಂಡನ ತಂದೆ. ಮೂವತ್ತನಾಲ್ಕು ವರ್ಷ ಘಾಟಿ ರಸ್ತೆಯಲ್ಲಿ ಬಸ್ ಓಡಿಸಿ ನಿವೃತ್ತರಾದ ಮನುಷ್ಯ. ಸಿನಿಮಾಕ್ಕೆ ಕರೆದುಕೊಂಡು ಹೋದರೆ ಹೆಸರು ಬೀಳುವ ಮುಂಚೆ ನಿದ್ದೆ ಹೋಗುವವರು. ಹಾಗಾಗಿ ಆಡಿನ ಕಥೆ ಅವರಿಗೆ ಗೊತ್ತೇ ಇರಲಿಲ್ಲ.

“ಹೇಗಿತ್ತು ಮಾವ?”

“ಒಂಬತ್ತು ಆಡು ನೋಡ್ದೆ ಕಣಮ್ಮ. ಎಲ್ಲಾ ಚೆನ್ನಾಗಿ ಸಾಕಿದೀರಾ.”

“ಒಂಬತ್ತಲ್ಲ ಮಾವ, ಒಂದೇ ಆಡು. ಅದರ ಕಥೆ ಅದು.”

“ಹೌದಾ?” ಅವರು ಹಿಂತಿರುಗಿ ನೋಡಿದರು. “ಮತ್ತೆ ನಮಗಿಂತ ಮುಂಚೆ ಎಲ್ಲಾ ಕಡೆ ಹೋಗಿ ಹೇಗೆ ನಿಂತಿತ್ತು?”

ಪಕ್ಕದಲ್ಲಿದ್ದ ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನಗಲಿಲ್ಲ. ಅವಳಿಗೆ ಅದು ಚುಚ್ಚಿತು ಎನ್ನುವುದಕ್ಕಿಂತ, ಒಂದು ವಾರದಿಂದ ತಾನೇ ಬಾಯಿ ಬಿಟ್ಟು ಹೇಳಲಾಗದೆ ಇದ್ದದ್ದನ್ನು ಬೇರೆ ಯಾರೋ ಹೇಳಿದಂತಾಯಿತು.

ಮಾರನೇ ದಿನ ರಜೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಗಂಡ ಬೆಳಗಿನ ಪಾಳಿಗೆ ಹೋಗಿದ್ದ. ಮಾವ ಅಡುಗೆಮನೆಯ ಮೇಜಿನ ಮೇಲೆ ಪೇಪರ್ ಹರಡಿಕೊಂಡು ಬಟಾಣಿ ಸುಲಿಯುತ್ತಿದ್ದರು. ಅಕ್ಕ ಎದುರಿಗೆ ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

“ಇನ್ನೊಂದ್ಸಲ ಹೇಳಿ ಮಾವ. ನಿನ್ನೆ ಏನು ಸರಿಹೋಗ್ಲಿಲ್ಲ?”

“ಸರಿ ಇತ್ತಲ್ಲ.”

“ನನ್ನ ಮನಸ್ಸು ನೋಯುತ್ತೆ ಅಂತ ನೋಡ್ಬೇಡಿ.”

ಮಾವ ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. “ಬಸ್ ಹತ್ತಿದೋನಿಗೆ ತಾನ್ಯಾರು ಅಂತ ಗೊತ್ತಿರುತ್ತೆ. ಆಸ್ಪತ್ರೆಗೆ ಹೋಗ್ತಿರೋನು, ಮಗಳ ಮನೆಗೆ ಹೋಗ್ತಿರೋಳು. ನಿನ್ನ ಬಂಡೀಲಿ ನಾನ್ಯಾರು? ಆಡು ಅದರ ಪಾಡಿಗೆ ಮಾತಾಡ್ತಿತ್ತು. ನಾನು ಕಿಟಕೀಲಿ ಇಣುಕಿ ನೋಡ್ದಂಗೆ ನೋಡ್ಕೊಂಡು ಬಂದೆ. ಅದಕ್ಕೆ ನಾನು ಬಂದಿದ್ದೂ ಗೊತ್ತಾಗ್ಲಿಲ್ಲ, ಹೋಗಿದ್ದೂ ಗೊತ್ತಾಗ್ಲಿಲ್ಲ.”

ಅಕ್ಕನ ಬೆರಳು ನಿಂತಿತು.

“ನಮ್ ಬಸ್ಸಲ್ಲಿ ಟಪಾಲು ಚೀಲ ಬರ್ತಿತ್ತು ನೋಡು,” ಮಾವ ತಮ್ಮಷ್ಟಕ್ಕೆ ಮುಂದುವರಿಸಿದರು. “ನನ್ನ ಸೀಟಿನ ಹಿಂದೆ ಇಡ್ತಿದ್ರು. ಮೊದಮೊದಲು ತಿರುವಲ್ಲಿ ಅದು ಉರುಳಿದ್ರೆ ಉರುಳ್ಲಿ ಅಂತಿದ್ದೆ. ಆಮೇಲೆ ಒಂದಿನ ಅನ್ನಿಸ್ತು, ಇದರೊಳಗೂ ಜನಾನೇ ಕೂತಿರೋದು. ಒಬ್ಬೊಬ್ಬರೂ ಒಂದೊಂದು ಮನೆಗೆ ಹೊರಟಿದಾರೆ. ಟಿಕೆಟ್ ತಗೊಂಡಿಲ್ಲ ಅಷ್ಟೇ. ಆಮೇಲಿಂದ ಚೀಲಕ್ಕೂ ಬ್ರೇಕ್ ನೋಡಿ ಹಾಕ್ತಿದ್ದೆ.”

ಅಕ್ಕ ಎದ್ದು ನಿಂತಳು. ಬಟಾಣಿ ನೆಲದ ತುಂಬ ಚೆಲ್ಲಿತು.

“ಏನಾಯ್ತಮ್ಮ?”

“ಏನಿಲ್ಲ ಮಾವ. ನಾವು ಆಡನ್ನ ನೋಡೋರಲ್ಲ. ನಾವೇ ಕಾಗದ.”

ಸೋಮವಾರ ಬೆಳಿಗ್ಗೆ ಅವಳು ವರ್ಕ್‌ಶಾಪಿನ ನೆಲಕ್ಕೆ ಟೇಪ್ ಅಂಟಿಸಿ ಇಡೀ ಹಳಿಯ ದಾರಿಯನ್ನು ಗುರುತು ಮಾಡಿದಳು. ಆಫೀಸಿನಿಂದ ಗಾಲಿ ಕುರ್ಚಿಗಳನ್ನು ತಂದು ಎರಡೆರಡಾಗಿ ಹಗ್ಗದಲ್ಲಿ ಬಿಗಿದಳು. ಮೆಕ್ಯಾನಿಕ್, ವೆಲ್ಡರುಗಳು, ವೇಷಭೂಷಣದ ಟೈಲರಮ್ಮ, ಯಾರು ಕೈಗೆ ಸಿಕ್ಕರೋ ಅವರನ್ನೆಲ್ಲ ಕೂರಿಸಿ, ಹಿಂದಿನಿಂದ ತಳ್ಳುತ್ತ, ಕೈಗಡಿಯಾರ ನೋಡುತ್ತ ಕಥೆ ಹೇಳಿದಳು.

“ಇದು ಬಂಡಿಯಲ್ಲ, ಚೀಲ. ಆಡಿನ ಬೆನ್ನ ಮೇಲಿದೆ. ನಿಮ್ಮೆದುರಿಗೆ ಕಾಣೋದು ಎರಡು ಕೊಂಬು, ಎರಡು ಕಿವಿ. ಆಡು ನಡೆಯಲ್ಲ, ನೆಗೆಯುತ್ತೆ. ನೆಗೆದು ನಿಲ್ಲುತ್ತೆ, ಮತ್ತೆ ನೆಗೆಯುತ್ತೆ.” ಕುರ್ಚಿಗಳನ್ನು ಅವಳು ಹಾಗೆಯೇ ತಳ್ಳಿದಳು. ಟೈಲರಮ್ಮ “ಅಯ್ಯೋ ನನ್ನ ಸೊಂಟಾನೇ!” ಎಂದು ಕೂಗಿದಳು. “ತೋಳ ಕಾಣಲ್ಲ. ಕಿವಿ ಹಿಂದಕ್ಕೆ ಮಡಚುತ್ತೆ, ಅಷ್ಟೇ. ಈಗ ಸೇತುವೆ. ಮುರೀತು! ಕೊಂಬು ಕೆಳಗೆ ಹೋಯ್ತು, ಚೀಲ ಜಾರ್ತಿದೆ, ಜಾರ್ತಿದೆ. ಕೆಳಗೆ ಹೊಳೆ. ಆಗ ಎದುರಿಗೆ ಆಡಿನ ಮುಖ. ಮೊದಲನೇ ಸಲ ಕಾಣ್ತಿರೋದು. ಈ ಗೋಡೆಯಿಂದ ಆ ಗೋಡೆವರೆಗೆ. ಬಾಯಿ ತೆರೀತು.”

“ನುಂಗ್ತು!” ಅಂದ ಮೆಕ್ಯಾನಿಕ್.

“ನುಂಗ್ತು. ಈಗ ಹೊಟ್ಟೆಯೊಳಗೆ. ಕತ್ತಲೆ, ಬೆಚ್ಚಗಿದೆ, ಎದೆಬಡಿತ ಕೇಳ್ತಿದೆ. ಹೊರಗಡೆ ಯಾರೋ ಅಜ್ಜಿ ಬಂದು ಹೊಟ್ಟೆಗೆ ಕಿವಿ ಇಡ್ತಾಳೆ. ಒಳಗೆ ಏನು ಬರೆದಿದೆ ಅಂತ ಕೇಳ್ತಾಳೆ. ಕಾಗದ ನೀವೇ. ಏನು ಹೇಳ್ತೀರೋ ಹೇಳಿ.”

ಕುರ್ಚಿಗಳು ನಿಂತವು. ಆಮೇಲೆ ಮೆಕ್ಯಾನಿಕ್ ತಲೆ ಕೆರೆದುಕೊಂಡು ಕೇಳಿದ: “ಅಕ್ಕಾ, ಹಂಗಾದ್ರೆ ನಾವು ಮಾಡಿಟ್ಟಿರೋ ಒಂಬತ್ತು ಆಡು?”

“ತೆಗಿ.”

“ಒಂಬತ್ತೂ?”

“ಒಂಬತ್ತರ ಮೋಟರೂ ಬಿಚ್ಚು. ಹನ್ನೊಂದು ಚೀಲಕ್ಕೆ ಇಪ್ಪತ್ತೆರಡು ಕಿವಿ ಬೇಕು.”

ಮ್ಯಾನೇಜರ್ ಸುದ್ದಿ ಕೇಳಿ ಓಡಿಬಂದ. ಒಳ್ಳೆಯ ಮನುಷ್ಯನೇ, ಆದರೆ ಪಾರ್ಕಿನಲ್ಲಿ ಏನೇ ಬದಲಾದರೂ ಮೊದಲು ಅವನ ಬೆವರು ಇಳಿಯುತ್ತಿತ್ತು. “ಮೇಡಂ, ಜನ ಬರೋದೇ ಆ ಆಡಿನ ಮುಖ ನೋಡೋಕೆ. ಪೋಸ್ಟರ್ ತುಂಬಾ ಅದೇ ಮುಖ. ನೀವು ಹಿಂಭಾಗ ತೋರಿಸ್ತೀನಿ ಅಂತೀರಲ್ಲ!”

“ಹತ್ತಿ ಕೂತ ಕ್ಷಣದಲ್ಲೇ ತೋರಿಸಿದ್ರೆ ಆಮೇಲೆ ನೋಡೋಕೆ ಏನಿರುತ್ತೆ ಸರ್? ಮುಖ ಒಂದೇ ಸಲ ಬರುತ್ತೆ. ಬಂದಾಗ ಯಾರೂ ಮರೆಯಲ್ಲ.”

“ಮೂರೇ ತಿಂಗಳಿದೆ.”

“ಎರಡೂವರೆಯಲ್ಲಿ ಮುಗಿಸ್ತೀನಿ.”

“ನಾನು ಒಪ್ಪಿದ್ರೂ ಸಿನಿಮಾ ನಿರ್ದೇಶಕರು ಒಪ್ಪಲ್ಲ. ಪ್ರತಿ ಕೋಣೆಯಲ್ಲೂ ಮುಖ ಕಾಣಲೇಬೇಕು ಅಂತ ಕರಾರಿನಲ್ಲಿ ಬರೆಸಿದಾರೆ.”

“ಅವರ ಮನೆ ವಿಳಾಸ ಕೊಡಿ,” ಅಂದಳು ಅಕ್ಕ.

ನಿರ್ದೇಶಕರಿಗೆ ಎಪ್ಪತ್ತರ ಮೇಲಾಗಿತ್ತು. ಆ ಆಡನ್ನು ಮೊದಲ ಗೆರೆಯಿಂದ ಹಿಡಿದು ಕೈಯಾರೆ ಬಿಡಿಸಿದವರು ಅವರೇ. ಮಾತು ಕಡಿಮೆ; ಆಡಿದರೆ ಎದುರಿಗಿದ್ದವರು ಮನೆಗೆ ಹೋಗಿ ಮುಸುಕು ಹೊದ್ದು ಮಲಗುವಷ್ಟು ಕಟುವಾಗಿರುತ್ತದೆ ಎಂದು ಪ್ರತೀತಿ. ಮೂರನೇ ಮಹಡಿಯ ಅವರ ಮನೆಯಲ್ಲಿ ಕಿಟಕಿಗೆ ತಾಗಿಸಿ ಒಂದು ಓರೆ ಮೇಜು, ಜಾಡಿಯ ತುಂಬ ಗಿಡ್ಡ ಪೆನ್ಸಿಲುಗಳು, ಗೋಡೆಯ ಮೇಲೆ ಒಂದೂ ಚಿತ್ರವಿಲ್ಲ. ಅಕ್ಕ ಬಟ್ಟೆಚೀಲದಿಂದ ಮೆಕ್ಯಾನಿಕ್ ಮಾಡಿಕೊಟ್ಟ ಎರಡು ಕಿವಿಗಳನ್ನು ತೆಗೆದು ಮೇಜಿನ ಅಂಚಿಗೆ ಸಿಕ್ಕಿಸಿದಳು. ಹಿಂದೆ ಎರಡು ಹಿಡಿ, ಎಳೆದರೆ ಕಿವಿ ತಿರುಗುತ್ತಿತ್ತು.

ಕಥೆಯೆಲ್ಲ ಕೇಳಿದ ಮೇಲೆ ಅವರು ಕನ್ನಡಕ ತೆಗೆದರು.

“ನಾಲ್ಕು ವರ್ಷ ಆ ಮುಖ ಬರೆದೆ ನಾನು. ನೀನು ಎಷ್ಟು ಹೊತ್ತು ತೋರಿಸ್ತೀಯಾ?”

“ಮೂರು ಸೆಕೆಂಡು ಸರ್.”

“ಮೂರು!”

“ನಿಮ್ಮ ಸಿನಿಮಾದಲ್ಲಿ ತೊಂಬತ್ತು ನಿಮಿಷ ಕಾಣುತ್ತೆ. ಎಲ್ಲರೂ ಅದನ್ನ ಪ್ರೀತಿಸಿದ್ರು. ಯಾರಾದ್ರೂ ಅದನ್ನ ಕಂಡು ಹೆದರಿದ್ರಾ? ಕಾಗದಕ್ಕೆ ಹೆದರಿಕೆ ಆಗುತ್ತಲ್ವಾ ಸರ್. ಕಾಗದದ ಕಡೆಯಿಂದ ನೋಡಿದ್ರೆ ಅದು ಆಡಿನ ಬಾಯಿ.”

ಅಕ್ಕ ಸುಮ್ಮನೆ ಹಿಡಿಗಳನ್ನು ಎಳೆದು ಕಿವಿ ಆಡಿಸಿದಳು. ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ.

“ತಪ್ಪು,” ಅಂದರು ನಿರ್ದೇಶಕರು. “ಹೆದರಿದಾಗ ಎರಡೂ ಒಟ್ಟಿಗೆ ತಿರುಗಲ್ಲ. ಸದ್ದು ಬಂದ ಕಡೆಯದು ಮೊದಲು. ಇನ್ನೊಂದು ಸ್ವಲ್ಪ ತಡೆದು, ಇಷ್ಟವಿಲ್ಲದೆ ಹೋಗುತ್ತೆ. ಇತ್ತ ಕೊಡು.” ಅವರೇ ಹಿಡಿಗಳನ್ನು ಹಿಡಿದರು. ಎಡಗಿವಿ ಚಕ್ಕನೆ ತಿರುಗಿತು; ಬಲಗಿವಿ ಅರ್ಧ ದಾರಿಗೆ ಹೋಗಿ ನಡುಗಿತು. ಬರೀ ಎರಡು ಚರ್ಮದ ತುಂಡು, ಆದರೂ ಅಕ್ಕನಿಗೆ ತೋಳ ಬಂದ ಹಾಗೆಯೇ ಆಯಿತು.

ಬಹಳ ಹೊತ್ತು ಅವರು ಕಿವಿ ಆಡಿಸುತ್ತ ಕೂತರು. ಆಮೇಲೆ ಕೇಳಿದರು: “ಕೊನೆಯಲ್ಲಿ ಆಡು ಸುಳ್ಳು ಹೇಳೋದೇ ನನ್ನ ಸಿನಿಮಾ. ಅದನ್ನೇ ತೆಗೆದುಹಾಕಿದ್ರೆ ಉಳಿಯೋದೇನಮ್ಮ?”

“ಸಿನಿಮಾದಲ್ಲಿ ಅಜ್ಜಿಗೆ ಆಡಿನ ಮಾತು ಸಿಗುತ್ತೆ, ಕಾಗದ ಸಿಗಲ್ಲ. ನನ್ನ ರೈಡಲ್ಲಿ ಕಾಗದಾನೇ ಸಿಗುತ್ತೆ ಸರ್. ಅದು ಒಳಗೆ ಜೀವಂತ ಕೂತಿದೆ. ಬಾಯಿ ಇದೆ ಅದಕ್ಕೆ.”

ನಿರ್ದೇಶಕರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತಿದ್ದರು. “ಆ ಮುದುಕಿಗೆ ಕಾಗದ ಮುಟ್ಟಿಸಬೇಕು ಅಂತ ನಾನೂ ಬಹಳ ತಿಣುಕಾಡಿದೆ,” ಅಂದರು. “ದಾರಿ ಸಿಗಲಿಲ್ಲ. ಕೊನೆಗೆ ಸುಳ್ಳು ಹೇಳಿಸಿದೆ. ಜನ ಅದನ್ನೇ ಹೊಗಳಿದ್ರು.” ಜಾಡಿಯಿಂದ ಒಂದು ಪೆನ್ಸಿಲ್ ಎತ್ತಿಕೊಂಡು, ಅವಳು ತಂದಿದ್ದ ನಕ್ಷೆಯ ಹಿಂದೆ ಕಿವಿಗಳನ್ನು ಬರೆಯತೊಡಗಿದರು. ದಣಿದ ಕಿವಿ, ಹಸಿದ ಕಿವಿ, ಕಾಗದದ ವಾಸನೆ ಬಂದರೂ ಬಾರದಂತೆ ನಟಿಸುವ ಕಿವಿ. ಒಟ್ಟು ಹದಿನಾಲ್ಕು ಬರೆದು ಕೆಳಗೆ ಸಹಿ ಹಾಕಿದರು. ಕರಾರಿನ ತಿದ್ದುಪಡಿ ಆಮೇಲೆ ಬಂತು.

ಆಮೇಲಿನ ಎರಡು ತಿಂಗಳು ವರ್ಕ್‌ಶಾಪಿನಲ್ಲಿ ಯಾರಿಗೂ ಬೇರೆ ಮಾತಿರಲಿಲ್ಲ. ಮೆಕ್ಯಾನಿಕ್ ಆಡುಗಳ ಕಣ್ಣು, ಬಾಯಿ, ಕತ್ತಿನ ಮೋಟರುಗಳನ್ನೆಲ್ಲ ಕಿತ್ತು ಕಿವಿಗಳಿಗೆ ಕೂರಿಸಿದ. ಬಲಗಿವಿ ತಡೆದು ತಿರುಗುವಂತೆ ಮಾಡಲು ಅವನಿಗೆ ಒಂಬತ್ತು ದಿನ ಹಿಡಿಯಿತು. “ತಪ್ಪು ಮಾಡೋದು ಸುಲಭ ಅಕ್ಕಾ, ತಪ್ಪು ಮಾಡಿದ ಹಾಗೆ ಮಾಡೋದಿದೆಯಲ್ಲ, ಅದು ಪ್ರಾಣ ತೆಗೆಯುತ್ತೆ,” ಅನ್ನುತ್ತಿದ್ದ. ಟೈಲರಮ್ಮ ಹೊಟ್ಟೆಯ ಒಳಗೋಡೆಗೆ ಮೆತ್ತನೆಯ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಹೊಲಿದಳು. ಅದರ ಹಿಂದೆ ಗಾಳಿ ಬಿಟ್ಟರೆ ಇಡೀ ಕೋಣೆ ಉಸಿರಾಡಿದಂತೆ ಕಾಣುತ್ತಿತ್ತು. ಹಳೆಯ ಆಡೊಂದರ ಮುಖವನ್ನು ಅಳತೆಗೆ ಇಟ್ಟುಕೊಂಡು ಅಕ್ಕ ಮೂರಾಳೆತ್ತರದ ಮುಖವನ್ನು ತಾನೇ ಕೆತ್ತಿದಳು. ಹಲ್ಲಿನ ಸಂದಿಯಲ್ಲಿ ಒಂದು ಹುಲ್ಲಿನ ಎಸಳನ್ನೂ ಸಿಕ್ಕಿಸಿದಳು. ಯಾರೂ ಅದನ್ನು ಹೇಳಿರಲಿಲ್ಲ.

ಸುರಕ್ಷತೆಯವರ ಪರೀಕ್ಷೆ ಮುಗಿದ ಮೇಲೆ ಅದೇ ಜನರನ್ನು ಮತ್ತೆ ಕರೆದರು. ಈ ಬಾರಿ ಅಕ್ಕ ಕಂಟ್ರೋಲ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ದಾರಿಯುದ್ದಕ್ಕೂ, ಹೊಟ್ಟೆಯೊಳಗೂ ಇಟ್ಟ ಮೈಕುಗಳಿಂದ ಅವಳಿಗೆ ಎಲ್ಲ ಕೇಳುತ್ತಿತ್ತು. ಪಕ್ಕದಲ್ಲಿ ಮ್ಯಾನೇಜರ್ ಇನ್ನೊಂದು ಹೆಡ್‌ಫೋನ್ ಹಿಡಿದು ನಿಂತಿದ್ದ.

ಮೊದಲ ಚೀಲ ಹೊರಟಿತು. ಆಡಿನ ನೆಗೆತಕ್ಕೆ ನಗು, ಕಿವಿ ತಿರುಗಿದಾಗ ಪಿಸುಮಾತು, ಸೇತುವೆ ಮುರಿದಾಗ ಕಿರುಚಾಟ. ಮುಖ ಎದುರಾದಾಗ ಹನ್ನೆರಡು ಜನ ಒಟ್ಟಿಗೆ ಉಸಿರೆಳೆದದ್ದು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮ್ಯಾನೇಜರ್ ಅವಳ ಭುಜ ತಟ್ಟಿದ. ಚೀಲ ಹೊಟ್ಟೆಯೊಳಗೆ ಬಂದು ನಿಂತಿತು. ಎದೆಬಡಿತ. ಹೊರಗಿಂದ ಅಜ್ಜಿಯ ದನಿ: “ಒಳಗೆ ಯಾರಿದ್ದೀರಿ? ಏನು ಬರೆದಿದೆ? ಗಟ್ಟಿಯಾಗಿ ಹೇಳಿ!”

ಯಾರೂ ಏನೂ ಹೇಳಲಿಲ್ಲ.

ಒಬ್ಬರು ಕೆಮ್ಮಿದರು. ಹತ್ತು ಸೆಕೆಂಡಾದ ಮೇಲೆ ಬಾಗಿಲು ತೆರೆದು ಚೀಲ ಹೊರಗೆ ಬಂತು. ಎರಡನೇ ಚೀಲದಲ್ಲೂ ಅದೇ. ಮೂರನೆಯದರಲ್ಲಿ ಒಬ್ಬಾಕೆ “ಏನ್ ಹೇಳ್ಬೇಕಂತೆ?” ಎಂದು ಪಕ್ಕದವಳನ್ನು ಕೇಳಿದಳು, ಅಷ್ಟೇ.

“ನಾನು ಅಂದುಕೊಂಡಿದ್ದೆ,” ಅಂದ ಮ್ಯಾನೇಜರ್, ಬೈಯುವಂತಲ್ಲ, ಸಂಕಟದಿಂದ. “ಜನ ನಾಚಿಕೊಳ್ತಾರೆ ಮೇಡಂ. ಸಿನಿಮಾದ ಮಾತನ್ನೇ ಹಾಕಿಬಿಡೋಣ. ಆಡು ಹೇಳ್ಲಿ, ಜನ ಕೇಳ್ಲಿ.”

“ಸಂಜೆ ನಾಲ್ಕರವರೆಗೆ ಟೈಮ್ ಕೊಡಿ ಸರ್.”

“ನಾಲ್ಕಕ್ಕೆ ಏನಾಗುತ್ತೆ?”

“ಮಾತಾಡ್ತಾರೆ,” ಅಂದಳು ಅಕ್ಕ. ಹೇಗೆ ಎಂದು ಅವಳಿಗೆ ಆ ಕ್ಷಣಕ್ಕೆ ಗೊತ್ತಿರಲಿಲ್ಲ. ಆದರೆ ಹೊಟ್ಟೆಯೊಳಗಿನ ಆ ಹತ್ತು ಸೆಕೆಂಡನ್ನು ಅವಳು ಕೇಳಿದ್ದಳು. ಅದು ಬೇಸರದ ಮೌನವಲ್ಲ, ಮಾತು ಗಂಟಲವರೆಗೆ ಬಂದವರ ಮೌನ. ತಪ್ಪಿರುವುದು ಜನರಲ್ಲಿ ಅಲ್ಲ, ಕೇಳಿದ ರೀತಿಯಲ್ಲಿ ಎನ್ನುವ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮಾವ ಕೂತು ನೀರು ಕುಡಿಯುತ್ತಿದ್ದರು. ಎರಡನೇ ಚೀಲದಲ್ಲಿ ಅವರೂ ಇದ್ದರು.

“ಯಾಕೆ ಮಾವ ಏನೂ ಹೇಳ್ಲಿಲ್ಲ?”

“ಹೇಳಿ ಅಂದ್ರೆ ಹೇಗಮ್ಮ ಹೇಳೋದು? ಸ್ಕೂಲಲ್ಲಿ ಎಬ್ಬಿಸಿ ನಿಲ್ಲಿಸ್ದಂಗಾಯ್ತು.” ಅವರು ಬಾಯಿ ಒರೆಸಿಕೊಂಡರು. “ನಮ್ ಕಂಡಕ್ಟರ್ ಒಬ್ಬ ಇದ್ದ. ಸ್ಟಾಪ್ ಬಂದಾಗ ‘ಯಾರು ಇಳೀತೀರಾ’ ಅಂತ ಕೇಳಿದ್ರೆ ಒಂದು ನರಪಿಳ್ಳೇನೂ ಬಾಯಿ ಬಿಡ್ತಿರಲಿಲ್ಲ. ಎಲ್ಲಾ ತೂಕಡಿಸ್ತಿದ್ರು. ಆಮೇಲೆ ಅವನು ವರಸೆ ಬದಲಾಯಿಸ್ದ. ‘ಇಲ್ಲಿ ಯಾರೂ ಇಳಿಯೋರಿಲ್ಲ, ನಡೀರಿ ಹೋಗೋಣ’ ಅಂತ ನನಗೆ ಕೂಗಿ ಹೇಳೋನು. ತಕ್ಷಣ ಬಸ್ಸಿಗೆ ಬಸ್ಸೇ ಎದ್ದು ‘ಇದೀವಿ, ಇದೀವಿ, ನಿಲ್ಸಿ!’ ಅಂತ ಬಡ್ಕೊಳ್ಳೋದು.”

ಅಕ್ಕ ಅವರ ಕೈಯಲ್ಲಿದ್ದ ಬಾಟಲಿಯನ್ನು ಕಿತ್ತು ಪಕ್ಕಕ್ಕಿಟ್ಟು, ಆ ಕೈಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಟೈಲರಮ್ಮನ ಕೋಣೆಗೆ ಓಡಿದಳು.

ಅಜ್ಜಿಯ ದನಿ ಟೈಲರಮ್ಮನದೇ ಆಗಿತ್ತು. ವೇಷಭೂಷಣದ ಕೋಣೆಯಲ್ಲಿ ಸುತ್ತ ಕಂಬಳಿ ನೇತುಹಾಕಿ, ಹೊರಗಿನ ಸದ್ದು ಬಾರದಂತೆ ಮಾಡಿ, ಮೈಕಿನ ಮುಂದೆ ಅವಳನ್ನು ಮತ್ತೆ ಕೂರಿಸಿದರು.

“ಏನು ಹೇಳ್ಬೇಕೇ ಈಗ?”

“ನಿಮಗೆ ಒಳಗಿನದೇನೂ ಕೇಳಿಸ್ತಿಲ್ಲ. ಕಾಗದ ಇಲ್ಲ ಅಂದುಕೊಂಡಿದೀರಾ. ಮಗಳಿಂದ ಬಂದಿಲ್ಲ ಅಂತ. ಅಳಬೇಡಿ, ಅಭ್ಯಾಸ ಆಗಿಹೋದವರ ಹಾಗೆ ಹೇಳಿ.”

ಟೈಲರಮ್ಮ ಸೂಜಿಗಳಿದ್ದ ಏಪ್ರನ್ ಬಿಚ್ಚಿಟ್ಟಳು. ಒಂದೇ ಸಲಕ್ಕೆ ಹೇಳಿ ಮುಗಿಸಿದಳು. “ಊಹೂಂ... ಏನೂ ಕೇಳಿಸ್ತಿಲ್ಲಪ್ಪ. ಖಾಲಿ ಇರ್ಬೇಕು.” ಸ್ವಲ್ಪ ತಡೆದು, “ಹೋಗ್ಲಿ ಬಿಡು. ದಣಿದು ಬಂದಿದೀಯ. ನೀರು ಕುಡಿದು ಹೊರಡು. ನಾನು ಕದ ಹಾಕ್ಕೋತೀನಿ.” ಕೊನೆಯ ಎರಡು ವಾಕ್ಯ ಅಕ್ಕ ಹೇಳಿಕೊಟ್ಟದ್ದಲ್ಲ, ಟೈಲರಮ್ಮ ತಾನೇ ಸೇರಿಸಿದ್ದು. ಕಂಬಳಿಯ ಹಿಂದೆ ಮೆಕ್ಯಾನಿಕ್ ಸೊರ್ ಎಂದು ಮೂಗೆಳೆದುಕೊಂಡ. ಆಮೇಲೆ ಅವನು ಕೂತು ಹೊಸ ಏರ್ಪಾಟು ಮಾಡಿದ: ಒಳಗಿನಿಂದ ಕೂಗು ಕೇಳಿಸಿದರೆ ಮಾತ್ರ ಅಜ್ಜಿ “ಅಯ್ಯೋ! ಇದೀರಾ!” ಎಂದು ಬಾಗಿಲು ತೆರೆಯಬೇಕು. ಯಾರೂ ಕೂಗದೇ ಹೋದರೆ ಏನು ಗತಿ ಎಂದು ಮ್ಯಾನೇಜರ್ ಪಟ್ಟು ಹಿಡಿದದ್ದರಿಂದ, “ತಾಳು, ಯಾರೋ ಉಸಿರಾಡ್ತಿದಾರೆ” ಎನ್ನುವ ಇನ್ನೊಂದು ಮಾತನ್ನೂ ಹೇಳಿಸಿ ಇಟ್ಟುಕೊಂಡರು.

ನಾಲ್ಕು ಗಂಟೆಗೆ ಚೀಲ ಮತ್ತೆ ಹೊರಟಿತು. ಈ ಸಲ ಮ್ಯಾನೇಜರ್ ತಾನೇ ಮೊದಲ ಸಾಲಿನಲ್ಲಿ ಕೂತ. ಅಕ್ಕ ಹೆಡ್‌ಫೋನ್ ಒತ್ತಿ ಹಿಡಿದಳು. ಹೊಟ್ಟೆ. ಎದೆಬಡಿತ. ಅಜ್ಜಿಯ ಕಿವಿ ಗೋಡೆಗೆ ತಾಗಿದ ಸದ್ದು.

“ಊಹೂಂ... ಏನೂ ಕೇಳಿಸ್ತಿಲ್ಲಪ್ಪ. ಖಾಲಿ ಇರ್ಬೇಕು.”

ಒಂದು ಕ್ಷಣ. ಆಮೇಲೆ ಒಂದು ಪುಟ್ಟ ಹುಡುಗಿಯ ದನಿ: “ಖಾಲಿ ಅಲ್ಲ!”

“ನಾನು ಕದ ಹಾಕ್ಕೋತೀನಿ.”

“ಹಾಕ್ಬೇಡಿ! ಅಜ್ಜೀ, ಹಾಕ್ಬೇಡಿ! ಇದೀವಿ!” ಹನ್ನೆರಡು ಜನ ಒಟ್ಟಿಗೆ ಕೂಗಿದ ಗದ್ದಲಕ್ಕೆ ಅಕ್ಕ ಹೆಡ್‌ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆ ಗದ್ದಲದ ನಡುವೆ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿದ್ದ ದನಿ ಮ್ಯಾನೇಜರನದು: “ಹನ್ನೆರಡು ಜನ ಇದೀವಮ್ಮಾ! ಹನ್ನೆರಡು!”

ಇಳಿದು ಬಂದವನ ಟೈ ಹೆಗಲ ಮೇಲೆ ಹೋಗಿತ್ತು. ಅಕ್ಕನತ್ತ ಸೈ ಎನ್ನುವಂತೆ ಕೈ ಎತ್ತಿ ತೋರಿಸಿ ತನ್ನ ಕೋಣೆಗೆ ಹೋದ.

ರೈಡ್ ಶುರುವಾದ ದಿನ ಬೆಳಿಗ್ಗೆ ನಿರ್ದೇಶಕರು ಬಂದರು. ಹತ್ತಿ ಕೂರಿ ಎಂದು ಎಷ್ಟು ಹೇಳಿದರೂ ಕೇಳದೆ ಕಂಟ್ರೋಲ್ ರೂಮಿನಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಹೆಡ್‌ಫೋನ್ ಹಾಕಿಕೊಂಡರು. ಹೊರಗೆ ಸಾಲು ಕ್ಯಾಂಟೀನು ದಾಟಿ ಗೇಟಿನವರೆಗೆ ಬೆಳೆದಿತ್ತು. ಸಿನಿಮಾ ನೋಡಿದವರಿದ್ದರು, ನೋಡದವರೂ ಇದ್ದರು. ಒಂದು ಚೀಲ, ಎರಡು ಚೀಲ, ಹತ್ತು ಚೀಲ. ಎಲ್ಲರೂ ಕೂಗಿದರು. “ಇದೀವಿ” ಎಂದು ಕೂಗಿ ಸುಮ್ಮನಾದವರು ಕಡಿಮೆ. ಕೂಗಿದ ಮೇಲೆ, ಬಾಗಿಲು ತೆರೆಯುವುದಕ್ಕೆ ಮುಂಚಿನ ನಾಲ್ಕು ಸೆಕೆಂಡಿನಲ್ಲಿ, ಏನೇನೋ ಹೇಳತೊಡಗಿದರು. “ನಿಮ್ಮ ಮಗಳು ಚೆನ್ನಾಗಿದಾಳೆ ಅಜ್ಜಿ.” “ಬೇಗ ಬರ್ತಾಳಂತೆ.” ಒಬ್ಬ ಗಡಸು ಗಂಡಸು, “ಔಷಧಿ ತಗೊಳ್ತಿದೀಯೇನಮ್ಮ?” ಎಂದ. ಅವನು ಯಾರನ್ನು ಕೇಳಿದನೋ.

ನಿರ್ದೇಶಕರು ನಲವತ್ತೋ ಐವತ್ತೋ ಚೀಲ ಕೇಳಿದರು. ಮಧ್ಯೆ ಒಮ್ಮೆ ಅಕ್ಕ ಟೀ ತಂದಿಟ್ಟಳು; ಅದು ಆರಿಹೋಯಿತು. ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಕಿವಿ ಉಜ್ಜಿಕೊಂಡರು.

“ಇಷ್ಟೊಂದು ಕಾಗದ ಬರ್ತಿದೆ ಅವಳಿಗೆ,” ಅಂದರು.

“ಹೌದು ಸರ್.”

“ನಾನು ಒಂದೇ ಬರೆದಿದ್ದೆ.” ಎದ್ದು ನಿಂತು ಕೋಲು ಹುಡುಕಿದರು. ಅಕ್ಕ ತೆಗೆದುಕೊಟ್ಟಳು. ಬಾಗಿಲಲ್ಲಿ ನಿಂತು, “ಹತ್ತಿ ಕೂರೋ ಜಾಗ ಎಲ್ಲಿ?” ಎಂದು ಕೇಳಿದರು.

ಅವಳು ಅವರನ್ನು ಸಾಲಿನ ಮುಂದಕ್ಕೆ ಕರೆದೊಯ್ಯಲು ಹೊರಟಳು. ಅವರು ಒಪ್ಪಲಿಲ್ಲ. ಕೋಲೂರಿಕೊಂಡು ಗೇಟಿನವರೆಗೆ ನಡೆದು ಹೋಗಿ, ಐಸ್‌ಕ್ರೀಂ ಹಿಡಿದಿದ್ದ ಒಂದು ಸಂಸಾರದ ಹಿಂದೆ ಎಲ್ಲರಂತೆ ನಿಂತರು. ಅಕ್ಕನೂ ಅವರ ಪಕ್ಕದಲ್ಲಿ ನಿಂತಳು. ಸಾಲು ಮೆಲ್ಲಗೆ ಸರಿಯುತ್ತಿತ್ತು, ಬಿಸಿಲು ಚುರುಗುಟ್ಟುತ್ತಿತ್ತು, ಮುಂದಿದ್ದವರ ಮಗು ಅವರ ಕೋಲನ್ನು ಹಿಡಿದು ಎಳೆಯುತ್ತಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷವಾದ ಮೇಲೆ ಅವರ ಸರದಿ ಬಂತು.